ಪೂಜೆಗೆ ಮುಂಚೆ ನಾಲ್ಕು ಕೊಡ ನೀರು

ಒಂದು ಸೀರೆ ಕೊಳ್ಳಲು ನಾವು ಹೆಂಗಸರು ಹತ್ತು ಅಂಗಡಿಯ ಮೆಟ್ಟಿಲು ಹತ್ತಿ ಇಳಿಯುತ್ತೇವೆ ಎಂದು ಲೇವಡಿ ಮಾಡದ ಗಂಡಸರಿಲ್ಲ. ಸೆರಗು ಬಿಚ್ಚಿಸಿ ನೋಡುತ್ತೇವಂತೆ, ಅಂಚನ್ನು ತಿಕ್ಕಿ ನೋಡುತ್ತೇವಂತೆ, ಬೆಳಕಿಗೆ ಹಿಡಿದು ನೋಡುತ್ತೇವಂತೆ, ಬಣ್ಣ ಬಿಡುತ್ತದೆಯೇ ಎಂದು ಮೂರು ಸಲ ಕೇಳುತ್ತೇವಂತೆ. ಹೌದು, ಕೇಳುತ್ತೇವೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಇದೇ ಗಂಡಸರು, ಇನ್ನೊಬ್ಬರು ಹತ್ತು ಹದಿನೈದು ವರ್ಷ ಬಳಸಿ ಬಿಟ್ಟ ಹಾಯಿದೋಣಿಯೊಂದನ್ನು ಕೊಳ್ಳುವಾಗ ಏನು ಮಾಡುತ್ತಾರೆ, ನೋಡಿದ್ದೀರಾ? ಅದರ ಸುತ್ತ ಒಂದು ಪ್ರದಕ್ಷಿಣೆ ಬರುತ್ತಾರೆ. ಹೊಸದಾಗಿ ಬಳಿದ ನೀಲಿ ಬಣ್ಣದ ಮೇಲೆ ಕೈಯಾಡಿಸುತ್ತಾರೆ. ಹಾಯಿ ಬಿಚ್ಚಿಸಿ ತಲೆದೂಗುತ್ತಾರೆ. "ಒಳ್ಳೇ ಕಂಡೀಷನ್ನಿನಲ್ಲಿ ಉಂಟು" ಎಂದು ಒಬ್ಬ ಹೇಳಿದರೆ ಉಳಿದವರೆಲ್ಲ ಹೌದೆನ್ನುತ್ತಾರೆ. ಅಡ್ವಾನ್ಸ್ ಕೈಬದಲಾಗುತ್ತದೆ. ನಾಡಿದ್ದು ದಿನ ಒಳ್ಳೆಯದಿದೆ, ಕಾಯಿ ಒಡೆದು ನೀರಿಗೆ ಇಳಿಸಿಬಿಡುವುದು! ಇಷ್ಟೆಲ್ಲದರ ನಡುವೆ, ಇದು ಸೋರುತ್ತದೆಯೇ ಎಂಬ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಹೆಂಗಸೊಬ್ಬಳು ಕೇಳಿದರಂತೂ ಮುಗಿಯಿತು, ಅದು ಅಪಶಕುನ.

ಈ ಅಪಶಕುನದ ಮಾತಿನ ವಿರುದ್ಧವೇ ನನ್ನ ತಕರಾರು. ದೋಣಿ ಎಂದರೆ ಗಂಡಸರ ವಿಷಯ, ನಮಗೇಕೆ ಅದರ ಉಸಾಬರಿ ಎಂದು ನಮ್ಮಲ್ಲೇ ಅನೇಕರು ಅನ್ನುತ್ತಾರೆ. ಸ್ವಲ್ಪ ಯೋಚಿಸಿ. ದೋಣಿ ಕೊಳ್ಳಲು ಹಣ ಸಾಲದಾದಾಗ ಬ್ಯಾಂಕಿನ ತಕ್ಕಡಿಗೆ ಹೋಗುವುದು ಯಾರ ಕೊರಳಿನ ಸರ? ಭಾನುವಾರ ಹಿನ್ನೀರಿನಲ್ಲಿ ಒಂದು ಸುತ್ತು ಹೋಗಿಬರೋಣವೆಂದು ಎಲ್ಲರೂ ಹೊರಟಾಗ ಮಗುವನ್ನು ಮಡಿಲಲ್ಲಿಟ್ಟುಕೊಂಡು, ಸೀರೆಯ ನೆರಿಗೆಯನ್ನು ಕಾಲ ಕೆಳಗೆ ಸಿಕ್ಕಿಸಿಕೊಂಡು ದೋಣಿಯ ನಡುವೆ ಕೂರುವವರು ಯಾರು? ನೀರಿಗೆ ಬಿದ್ದರೆ ಆರು ಗಜದ ಸೀರೆ ಕಾಲಿಗೆ ಸುತ್ತಿಕೊಂಡು ಈಜಲಾಗದೆ ಹೋಗುವವರು ಯಾರು? ಕೂರುವುದು ನಾವಾದರೆ ಕೇಳುವ ಹಕ್ಕೂ ನಮ್ಮದೇ.

ಈ ಮಾತು ಸುಮ್ಮನೆ ಬಂದದ್ದಲ್ಲ. ಹಿಂದೊಮ್ಮೆ ನನ್ನ ತಮ್ಮನ ಮಗ ದೂರದ ಊರಿನಿಂದ ಹದಿನಾಲ್ಕು ಅಡಿಯ ಹಳೆಯ ಫೈಬರ್ ಹಾಯಿದೋಣಿಯೊಂದನ್ನು ಕೊಂಡು ಲಾರಿಯಲ್ಲಿ ತರಿಸಿದ. ನಮ್ಮ ಕುಂದಾಪುರದ ಕಡೆ ಹಿನ್ನೀರಿಗೆ ಬರವಿಲ್ಲವಲ್ಲ, ಹುಡುಗರಿಗೆ ಹುರುಪು. ತೆಂಗಿನ ತೋಟದಲ್ಲಿ ಹಳೆಯ ಟಯರುಗಳ ಮೇಲೆ ಅದನ್ನು ಕೂರಿಸಿದ್ದರು. ಬಣ್ಣ ಎಷ್ಟು ಚೆಂದವಿತ್ತೆಂದರೆ ಮುಖ ನೋಡಿಕೊಳ್ಳಬಹುದಿತ್ತು. ನನಗೆ ಅನುಮಾನ ಹುಟ್ಟಿಸಿದ್ದೇ ಆ ಹೊಳಪು. ಇಷ್ಟು ವರ್ಷದ ದೋಣಿಗೆ ಮಾರುವ ಮುಂಚಿನ ವಾರದಲ್ಲಿ ಬಣ್ಣ ಬಳಿಯುವ ಜರೂರು ಏನಿತ್ತು? "ಮೊದಲು ಇದರೊಳಗೆ ನಾಲ್ಕು ಕೊಡ ನೀರು ಹೊಯ್ಯಿರಿ, ಎಲ್ಲಿ ಸೋರುತ್ತದೆ ನೋಡುವ" ಎಂದೆ. ಹುಡುಗರು ನಕ್ಕರು. "ಅತ್ತೆ, ನೀವು ಕೂತ್ಕೊಳ್ಳಿ ಮಾರಾಯ್ರೆ, ಇದೇನು ಬಚ್ಚಲು ಹಂಡೆಯಾ?" ಎಂದ ನನ್ನ ಅಳಿಯ ಮಹಾಶಯ. "ಹಂಡೆ ಸೋರಿದರೆ ಒಲೆ ಆರುತ್ತದೆ, ಅಷ್ಟೇ. ಇದು ಸೋರಿದರೆ?" ಎಂದು ಕೇಳಿದೆ. ಉತ್ತರ ಬರಲಿಲ್ಲ, ನೀರಿನ ಪೈಪು ಬಂತು.

ಹೊರಮೈಯನ್ನು ಒಣಬಟ್ಟೆಯಿಂದ ಒರೆಸಿ, ಕೀಲು ಕೀಲಿಗೂ ರಂಗೋಲಿ ಪುಡಿ ಉದುರಿಸಿದೆವು. ಒಳಗೆ ತಳ ಮುಚ್ಚುವಷ್ಟು ನೀರು ಬಿಟ್ಟೆವು. ಕಾಲು ಗಂಟೆ ಏನೂ ಇಲ್ಲ. ಹುಡುಗರ ಮುಖದಲ್ಲಿ ಗೆಲುವು. ಆಮೇಲೆ ಬಿಳಿ ಪುಡಿಯಲ್ಲಿ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆಯೊಂದು ಮೂಡಿತು, ನೋಡನೋಡುತ್ತ ಗೇಣುದ್ದವಾಯಿತು. ಹಾಯಿದೋಣಿ ಗಾಳಿಗೆ ಪಕ್ಕಕ್ಕೆ ಜಾರದಿರಲೆಂದು ನಡುವಿನಿಂದ ಒಂದು ಹಲಗೆಯನ್ನು ನೀರಿಗೆ ಇಳಿಬಿಡುತ್ತಾರೆ. ಆ ಹಲಗೆ ಕೂರುವ ಗೂಡು ತಳಕ್ಕೆ ಸೇರುವ ಜಾಗದಲ್ಲಿ ಬಿರುಕು! ಅದಕ್ಕೆ ಮೇಣದಂಥದ್ದೇನನ್ನೋ ಮೆತ್ತಿ ಮೇಲೆ ಬಣ್ಣ ಬಳಿದಿದ್ದರು. ಹಿಂಭಾಗದಲ್ಲಿ ನೀರು ಬಸಿಯುವ ತೂತಿನ ಬಿರಡೆಯ ವಾಷರ್ ಕೂಡ ಸತ್ತುಹೋಗಿ ತೊಟ್ಟಿಕ್ಕುತ್ತಿತ್ತು. ಮೇಲೆ ಥಳುಕು ಒಳಗೆ ಹುಳುಕು ಎಂಬ ಗಾದೆ ಕಣ್ಣೆದುರಿಗೇ ಇತ್ತು. ಮಾರಿದವರಿಗೆ ಫೋನು ಮಾಡಿದರೆ ಅವರು ಕೊಟ್ಟ ಉತ್ತರ ಕೇಳಿ: "ಇಷ್ಟೆಲ್ಲ ಪರೀಕ್ಷೆ ಮಾಡುವವರು ಹೊಸದನ್ನೇ ತಗೊಳ್ಳಬೇಕಿತ್ತು."

ಈ ಉತ್ತರವನ್ನು ನಾನು ಇವತ್ತಿಗೂ ಒಪ್ಪಲಾರೆ. ಹಳೆಯದನ್ನು ಕೊಳ್ಳುವವನಿಗೆ ಪ್ರಾಣ ಅಗ್ಗವೇ? ಹಳೆಯದು ಎಂಬ ಕಾರಣಕ್ಕೇ ಹೆಚ್ಚು ನೋಡಬೇಕು.

ನೋಡುವುದು ಹೇಗೆಂಬ ವಿದ್ಯೆ ನಮಗೆ ಹೊಸತಲ್ಲ. ಸಂತೆಯಲ್ಲಿ ಮಡಕೆಯನ್ನು ಬೆರಳಿನಿಂದ ತಟ್ಟಿ ನಾದ ಕೇಳದೆ ತಂದವರು ನಮ್ಮಲ್ಲಿ ಯಾರಿದ್ದಾರೆ? ಫೈಬರ್ ದೋಣಿಯನ್ನೂ ಹಾಗೆಯೇ ತಟ್ಟಿ ನೋಡುತ್ತಾರೆ. ಗಟ್ಟಿಯಿದ್ದಲ್ಲಿ ಟಣ್ ಎನ್ನುತ್ತದೆ, ಪದರ ಬಿಟ್ಟಿದ್ದಲ್ಲಿ ಅಥವಾ ಒಳಗೆ ನೀರು ಹೀರಿದ್ದಲ್ಲಿ ಬೊದ್ದು ಸದ್ದು ಬರುತ್ತದೆ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತೇವಲ್ಲ, ಅದೇ ಉಪಾಯ ಇಲ್ಲೂ ನಡೆಯುತ್ತದೆ. ಸಣ್ಣ ಹಾಯಿದೋಣಿ ಮಗುಚಿದರೂ ಮುಳುಗದಿರಲೆಂದು ಅದರ ಬದಿಗಳಲ್ಲಿ ಗಾಳಿ ತುಂಬಿದ ಮುಚ್ಚಿದ ಗೂಡುಗಳಿರುತ್ತವೆ. ಅವುಗಳ ಮುಚ್ಚಳದಲ್ಲಿ ಕೊಳವೆ ಸಿಕ್ಕಿಸಿ ಬಾಯಿಂದ ಊದಿದಷ್ಟು ಮೆಲ್ಲಗೆ ಗಾಳಿ ಕೊಟ್ಟು, ಕೀಲುಗಳಿಗೆ ಸೋಪಿನ ನೀರು ಹಚ್ಚಿದರೆ ಸೋರುವ ಜಾಗ ತಾನಾಗಿ ಗುಳ್ಳೆಯೆಬ್ಬಿಸಿ ಹೇಳುತ್ತದೆ. ಜೋರಾಗಿ ಪಂಪು ಹೊಡೆಯಬಾರದು, ಗೂಡೇ ಸೀಳೀತು. ಕೊನೆಗೆ ಪ್ರಾಣ ಉಳಿಸಬೇಕಾದದ್ದು ಈ ಗೂಡು. ಅದೇ ಸೋರುವುದಾದರೆ ಅದು ಇದ್ದೂ ಇಲ್ಲದ ಹಾಗೆ.

ನೀರು ಹೊಯ್ದು ನೋಡುವುದಕ್ಕೂ ಒಂದು ಹದ ಉಂಟು. ಲೀಟರಿಗೆ ಒಂದು ಕಿಲೋ ಭಾರ. ದೋಣಿಯನ್ನು ಹೊತ್ತುಕೊಳ್ಳಲು ಕಟ್ಟಿರುವುದು ಹೊರಗಿನ ನೀರು. ನೆಲದ ಮೇಲೆ ಕೂರಿಸಿ ಕಂಠಮಟ್ಟ ತುಂಬಿದರೆ ಇಲ್ಲದ ಬಿರುಕೂ ಹುಟ್ಟೀತು. ತಳ ಮುಚ್ಚಿ ಮೇಲೆ ನಾಲ್ಕು ಬೆರಳು ಬಂದರೆ ಸಾಕು. ಕೆಳಗೆ ಹಲವು ಕಡೆ ಆಸರೆ ಇರಬೇಕು. ಬಿರಡೆಯ ಸುತ್ತ, ಚುಕ್ಕಾಣಿ ಕೂರಿಸಿದ ತಿರುಪುಗಳ ಬುಡ, ನಡುಹಲಗೆಯ ಗೂಡು, ಒಡಲಿಗೆ ಮೇಲಿನ ಹಾಸು ಸೇರುವ ಅಂಚು, ಹಾಯಿಕಂಬದ ಬಿಗಿಹಗ್ಗಗಳು ಕಚ್ಚಿಕೊಂಡ ಜಾಗ, ಇಷ್ಟನ್ನು ಒಂದೊಂದಾಗಿ ನೋಡಬೇಕು.

ಮರದ ದೋಣಿಯ ಲೆಕ್ಕ ಬೇರೆ. ಮಳೆಗಾಲದಲ್ಲಿ ನಮ್ಮ ಬಾಗಿಲು ನೀರು ಕುಡಿದು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದಲ್ಲ, ದೋಣಿಯ ಹಲಗೆಯೂ ಹಾಗೆಯೇ. ತಿಂಗಳುಗಟ್ಟಲೆ ಬಿಸಿಲಲ್ಲಿ ಬಿದ್ದ ದೋಣಿಯ ಸಂದುಗಳು ಬಾಯಿ ಬಿಟ್ಟಿರುತ್ತವೆ. ನೀರಿಗೆ ಇಳಿದ ಮೊದಲ ದಿನಗಳಲ್ಲಿ ಅದು ಸೋರುವುದು ಸಹಜ, ಹಲಗೆ ಉಬ್ಬಿದ ಮೇಲೆ ನಿಲ್ಲುತ್ತದೆ. ಆದ್ದರಿಂದ ಅದನ್ನು ಮೊದಲೇ ನೆನೆಸಿ, ಆಳವಿಲ್ಲದಲ್ಲಿ ಕಟ್ಟಿ, ನಾಲ್ಕು ದಿನ ಬಿಟ್ಟು ನೋಡಬೇಕು. ಆಗಲೂ ನಿಲ್ಲದಿದ್ದರೆ ಹುಳುಕು ಬೇರೆಯದು. ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳುವಿದೆ. ಹೊರಗೆ ಸೂಜಿಮೊನೆಯಷ್ಟು ತೂತು, ಒಳಗೆ ಬೆರಳು ಹೋಗುವಷ್ಟು ಸುರಂಗ. ಹೊರಗಿನ ಬಣ್ಣ ನೋಡಿ ಇದನ್ನು ಕಂಡುಹಿಡಿದೇನು ಎನ್ನುವವನಿಗೆ ಕೈಮುಗಿಯಬೇಕು.

"ಸೋರದ ದೋಣಿ ಎಲ್ಲಿದೆ? ಸ್ವಲ್ಪ ಬಂದರೆ ಮೊಗೆದು ಚೆಲ್ಲಿದರಾಯಿತು" ಎಂಬುದು ಎಲ್ಲರೂ ಹೇಳುವ ಮೊದಲ ಮಾತು. ಸ್ವಲ್ಪ ಎಂದರೆ ಎಷ್ಟು, ಲೆಕ್ಕ ಹಾಕೋಣ. ನಿಮಿಷಕ್ಕೆ ಒಂದು ಲೋಟ, ಅಂದರೆ 200 ಮಿಲಿ ಲೀಟರ್ ಸೋರುತ್ತದೆ ಎನ್ನಿ. ಗಂಟೆಗೆ 12 ಲೀಟರ್, ಒಂದು ಕೊಡ. ರಾತ್ರಿ ಹತ್ತು ಗಂಟೆ ಕಟ್ಟಿಹಾಕಿದರೆ ಬೆಳಿಗ್ಗೆಗೆ 120 ಲೀಟರ್. ಅಂದರೆ 120 ಕಿಲೋ, ಕರೆಯದೆ ಬಂದು ಕುಳಿತ ಇಬ್ಬರು ದೊಡ್ಡವರ ಭಾರ. ಇದು ಒಂದು ಲೋಟದ ಮಾತು. ನೀರಿನ ಮಟ್ಟಕ್ಕಿಂತ ಎರಡಡಿ ಕೆಳಗೆ ಒಂದಂಗುಲದ ತೂತಾದರೆ ಒಳಗೆ ನುಗ್ಗುವುದು ಸೆಕೆಂಡಿಗೆ ಸುಮಾರು ಒಂದು ಲೀಟರ್, ನಿಮಿಷಕ್ಕೆ ಐದು ಕೊಡ. ಯಾವ ಗಂಡಸು ಯಾವ ಚೊಂಬಿನಿಂದ ಇದನ್ನು ಮೊಗೆದು ಚೆಲ್ಲುತ್ತಾನೆ, ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಹಾಯಿಯ ಹಗ್ಗ ಹಿಡಿದುಕೊಂಡು?

ಅಪಾಯ ಭಾರದ್ದು ಮಾತ್ರವಲ್ಲ. ತುಂಬಿದ ಕೊಡವನ್ನು ಸೊಂಟದ ಮೇಲೆ ಹೊತ್ತು ನಡೆಯಬಹುದು. ಅಗಲ ಪರಾತದಲ್ಲಿ ಎರಡು ಲೋಟ ನೀರಿಟ್ಟುಕೊಂಡು ನಡೆದು ನೋಡಿ. ಕೈ ಒಂಚೂರು ವಾಲಿತೋ, ನೀರೆಲ್ಲ ಆ ಬದಿಗೇ ಓಡಿ ಪರಾತವನ್ನು ಇನ್ನಷ್ಟು ವಾಲಿಸುತ್ತದೆ. ದೋಣಿಯ ತಳದಲ್ಲಿ ಹರಡಿನಿಂತ ನೀರು ಮಾಡುವುದೂ ಅದನ್ನೇ. ಹಾಯಿದೋಣಿಯಂತೂ ಗಾಳಿಗೆ ವಾಲಿಕೊಂಡೇ ಓಡುವಂಥದ್ದು. ನೆಟ್ಟಗೆ ನಿಂತಾಗ ನೀರಿಗೆ ತಾಗದ ಮೇಲಂಚಿನ ಬಿರುಕು ವಾಲಿದಾಗ ಮುಳುಗುತ್ತದೆ, ಆಗ ಸೋರಲು ಶುರು. ಅದಕ್ಕೇ ದಡದ ಪರೀಕ್ಷೆಯಾದ ಮೇಲೆ ಮೊಣಕಾಲು ನೀರಿನಲ್ಲಿ ಯಾರನ್ನೂ ಕೂರಿಸದೆ ತೇಲಿಸಿ ಒಂದೆರಡು ಗಂಟೆ ನೋಡಬೇಕು. ಆಮೇಲೆ ಕಂಬದ ತುದಿಗೆ ಹಗ್ಗ ಕಟ್ಟಿ ಆಚೆ ಒಮ್ಮೆ ಈಚೆ ಒಮ್ಮೆ ವಾಲಿಸಿ ನೋಡಬೇಕು. ಆಮೇಲೆ ಜನರ ಬದಲು ಮರಳಿನ ಚೀಲ ಹೇರಿ ನೋಡಬೇಕು. ಒಳಗೆ ನೀರು ಕಂಡರೆ ಅಳಿವೆಯ ಹತ್ತಿರದವರಿಗೆ ಸುಲಭದ ಉಪಾಯ ಉಂಟು, ನಾಲಗೆಗೆ ಒಂದು ಹನಿ ಇಟ್ಟರೆ ಸಾಕು. ಸಪ್ಪೆಯಾದರೆ ಮಳೆಯದ್ದು, ಉಪ್ಪಾದರೆ ಕೆಳಗಿನಿಂದ ಬಂದದ್ದು.

ಎರಡನೆಯ ಮಾತು ಹಿರಿಯರದ್ದು. "ನಮ್ಮ ಅಜ್ಜಂದಿರು ಇದನ್ನೆಲ್ಲ ಮಾಡಿದ್ದರಾ? ದೇವರ ಮೇಲೆ ಭಾರ ಹಾಕಿ ಹೋಗುತ್ತಿದ್ದರು." ಇದು ಅಜ್ಜಂದಿರಿಗೆ ಮಾಡುವ ಅವಮಾನ. ನಮ್ಮ ಕರಾವಳಿಯ ಮೀನುಗಾರರು ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆಳೆದು, ಸೋಗೆ ಹೊದಿಸಿ, ಸಂದು ಸಂದನ್ನೂ ನೋಡಿ, ಭೂತಾಯಿ ಎಣ್ಣೆಯನ್ನೋ ಗೇರು ಎಣ್ಣೆಯನ್ನೋ ಕುಡಿಸಿ ಇಡುತ್ತಿದ್ದರು. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಹಾಲು ಕಾಯಿ ಅರ್ಪಿಸುವುದು ಆ ಕೆಲಸವೆಲ್ಲ ಆದ ಮೇಲೆ. ಅವರು ಪೂಜೆ ಮಾಡಿದ್ದನ್ನು ನಾವು ಕಲಿತೆವು, ಅದರ ಹಿಂದಿನ ಎರಡು ತಿಂಗಳ ಮೈಮುರಿ ಕೆಲಸವನ್ನು ಮರೆತೆವು. ಪೂಜೆ ಬೇಡ ಎಂದು ನಾನು ಹೇಳುತ್ತಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸದೆ ನೈವೇದ್ಯಕ್ಕೆ ಇಡುತ್ತೇವೆಯೇ? ಹಾಗೆಯೇ, ಸೋರುವ ದೋಣಿಗೆ ಕುಂಕುಮ ಹಚ್ಚುವುದು ದೇವರಿಗೂ ಮಾಡುವ ಮೋಸ.

ಮೂರನೆಯದು, "ಲೈಫ್ ಜಾಕೆಟ್ ಉಂಟಲ್ಲ!" ಉಂಟು, ಸೀಟಿನ ಕೆಳಗೆ ಗಂಟು ಕಟ್ಟಿ. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ ಹನ್ನೆರಡು ಮಕ್ಕಳೂ ಇಬ್ಬರು ಶಿಕ್ಷಕಿಯರೂ ಸತ್ತರು. ಜಾಕೆಟ್ ಎಲ್ಲರ ಮೈಮೇಲಿರಲಿಲ್ಲ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ ಹೋದರು, ಬಹಳ ಮಂದಿ ಮಕ್ಕಳು. ಆ ದೋಣಿ ಮೀನುಗಾರಿಕೆಯದ್ದು, ಅದನ್ನು ಮಾರ್ಪಡಿಸಿ ವಿಹಾರದ ದೋಣಿ ಮಾಡಿದ್ದರು. ನಮ್ಮ ಕಾರವಾರದಲ್ಲೇ 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಬರುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಇವೆಲ್ಲ ಯಂತ್ರದ ದೋಣಿಗಳು, ಹಾಯಿಯವಲ್ಲ. ಇವು ಸೋರಿಕೆಯಿಂದ ಆದವು ಎಂದೂ ನಾನು ಹೇಳುತ್ತಿಲ್ಲ, ಅತಿಭಾರದ ಮಾತು ಮೂರು ಕಡೆಯೂ ಕೇಳಿಬಂತು. ನಾನು ಹೇಳುವುದು ಇವುಗಳ ಹಿಂದಿರುವ ಒಂದೇ ಚಾಳಿಯ ಬಗ್ಗೆ. ಹತ್ತುವ ಮುಂಚೆ ಕೇಳುವ ಅಭ್ಯಾಸ ನಮಗಿಲ್ಲ, ಕೇಳುವವರಿಗೆ ಉತ್ತರ ಕೊಡಬೇಕೆಂದು ನಡೆಸುವವರಿಗೂ ಅನ್ನಿಸುವುದಿಲ್ಲ. 1917ರ ಹಳೆಯ ಕಾಯ್ದೆಯ ಬದಲು 2021ರಲ್ಲಿ ಒಳನಾಡು ಜಲಯಾನಕ್ಕೆ ಹೊಸ ಕಾಯ್ದೆ ಬಂದಿದೆ, ಯಂತ್ರದ ದೋಣಿಗಳ ತಪಾಸಣೆ, ನೋಂದಣಿ ಎಲ್ಲ ಅದರಲ್ಲಿದೆ. ಬಹಳ ಒಳ್ಳೆಯದು. ಆದರೆ ಕಾಗದ ಅಂಟಿಸಿ ಬಿರುಕು ಮುಚ್ಚಲಾಗುವುದಿಲ್ಲ. ಮನೆಬಳಕೆಗೆಂದು ಕೈಯಿಂದ ಕೈಗೆ ಮಾರಾಟವಾಗುವ ಸಣ್ಣ ಹಾಯಿದೋಣಿಯ ಬಳಿಗೆ ಯಾವ ಅಧಿಕಾರಿ ರಂಗೋಲಿ ಪುಡಿ ಹಿಡಿದು ಬರುತ್ತಾರೆ? ಅಲ್ಲಿ ನಾವೇ ಅಧಿಕಾರಿಗಳು.

ಹಾಗಾದರೆ ಹಳೆಯ ದೋಣಿ ಕೊಳ್ಳಲೇಬಾರದೇ ಎಂದು ಕೇಳಬಹುದು. ಖಂಡಿತ ಕೊಳ್ಳಿ. ನಮ್ಮ ನೌಕಾಪಡೆಯ ತಾರಿಣಿ ಎಂಬ ಹಾಯಿನೌಕೆಯನ್ನು ನೋಡಿ. ಗೋವಾದಲ್ಲಿ ಕಟ್ಟಿದ 56 ಅಡಿಯ ಈ ನೌಕೆಯಲ್ಲಿ ವರ್ತಿಕಾ ಜೋಶಿಯವರ ನಾಯಕತ್ವದ ಆರು ಮಂದಿ ಮಹಿಳೆಯರು 2017ರ ಸೆಪ್ಟೆಂಬರಿನಲ್ಲಿ ಹೊರಟು 2018ರ ಮೇ ತಿಂಗಳಲ್ಲಿ ಭೂಮಿ ಸುತ್ತಿ ಬಂದರು. ಅದೇ ನೌಕೆ, ಏಳು ವರ್ಷ ಹಳೆಯದಾದ ಮೇಲೆ, 2024ರ ಅಕ್ಟೋಬರ್ 2ರಂದು ಮತ್ತೆ ಗೋವಾದಿಂದ ಹೊರಟಿತು. ಈ ಬಾರಿ ಅದರಲ್ಲಿದ್ದವರು ಇಬ್ಬರೇ, ದಿಲ್ನಾ ಮತ್ತು ರೂಪಾ. 2025ರ ಮೇ 29ರಂದು ಅವರು ಕ್ಷೇಮವಾಗಿ ಮರಳಿದರು. ಹಳೆಯ ನೌಕೆಯೆಂದು ಯಾರೂ ಅದನ್ನು ಬದಿಗಿಡಲಿಲ್ಲ, ಬಣ್ಣ ಚೆನ್ನಾಗಿದೆಯೆಂದು ಹಾಗೇ ನೀರಿಗೆ ಬಿಡಲೂ ಇಲ್ಲ. ಇಷ್ಟು ದೂರ ಹೋಗುವ ಹಡಗಿನ ತಿರುಪು ತಿರುಪನ್ನೂ ನೋಡಿಯೇ ಬಿಡುತ್ತಾರೆ. ದಕ್ಷಿಣ ಮಹಾಸಾಗರಕ್ಕೆ ಹೋದ ಆ ಹೆಣ್ಣುಮಕ್ಕಳಿಗೆ ತಮ್ಮ ನೌಕೆಯ ಹುಳುಕು ಹುಡುಕುವುದು ಅಪಶಕುನ ಅನ್ನಿಸದಿದ್ದರೆ, ಹಿನ್ನೀರಿನಲ್ಲಿ ಒಂದು ಮೈಲಿ ಹೋಗುವ ನಮಗೇಕೆ ಅನ್ನಿಸಬೇಕು?

ನಮ್ಮ ಹುಡುಗರ ದೋಣಿಯ ಕಥೆ ಹೇಳಿ ಮುಗಿಸಲಿಲ್ಲ. ಬಣ್ಣ ಕೆರೆದು, ಬಿರುಕನ್ನು ಅಗಲಿಸಿ, ವಾರ ಒಣಗಿಸಿ, ಫೈಬರ್ ಮ್ಯಾಟ್ ಮತ್ತು ರೆಸಿನ್ ಹಾಕಿ ಮುಚ್ಚಿದರು. ವಾಷರ್ ಬದಲಾಯಿತು, ಅದಕ್ಕೆ ತಗುಲಿದ್ದು ಒಂದು ಕಾಫಿಯ ದುಡ್ಡು. ಮತ್ತೆ ನೀರು ಹೊಯ್ದು, ಮತ್ತೆ ಪುಡಿ ಉದುರಿಸಿ ನೋಡಿದರು, ಗೆರೆ ಮೂಡಲಿಲ್ಲ. ಒಳ್ಳೆಯ ದಿನ ಎರಡು ವಾರ ಮುಂದೆ ಹೋಯಿತು. ಪಂಚಾಂಗದಲ್ಲಿ ಒಳ್ಳೆಯ ದಿನಗಳಿಗೆ ಬರವಿಲ್ಲ.

ಆದ್ದರಿಂದ ಓದುಗ ಸೋದರಿಯರಲ್ಲಿ ನನ್ನ ಮಾತು ಇಷ್ಟೇ. ನಿಮ್ಮ ಮನೆಯವರೋ ನೆಂಟರೋ ಹಳೆಯ ದೋಣಿ ಕೊಂಡರೆ, ನಿಮ್ಮನ್ನು ಅದರಲ್ಲಿ ಕೂರಲು ಕರೆದರೆ, ಮೂರು ಪ್ರಶ್ನೆ ಕೇಳಿ. ನೆಲದ ಮೇಲೆ ನೀರು ಹೊಯ್ದು ನೋಡಿದ್ದೀರಾ? ಜನರಿಲ್ಲದೆ ತೇಲಿಸಿ, ವಾಲಿಸಿ ನೋಡಿದ್ದೀರಾ? ಸೋರಿದ ಜಾಗ ಯಾವುದು, ಅದಕ್ಕೆ ಏನು ಮಾಡಿದಿರಿ? ಮೂರನೆಯದು ಮುಖ್ಯ. ಎಲ್ಲೂ ಸೋರಲೇ ಇಲ್ಲ ಎನ್ನುವವನಿಗಿಂತ, ಇಂಥಲ್ಲಿ ಸೋರಿತು, ಇಂಥದ್ದು ಮಾಡಿದೆ ಎನ್ನುವವನ ದೋಣಿಯನ್ನು ನಾನು ನಂಬುತ್ತೇನೆ. ಉತ್ತರ ಸಿಗದಿದ್ದರೆ ಮಗುವನ್ನು ಎತ್ತಿಕೊಂಡು ದಡದಲ್ಲೇ ನಿಲ್ಲಿ. ನಾಲ್ಕು ಜನ ನಕ್ಕಾರು. ನಗಲಿ, ನಕ್ಕು ಮುಗಿದ ಮೇಲೆ ಅವರ ಕೈಗೆ ಒಂದೊಂದು ಕೊಡ ಕೊಡಿ, ನೀರು ತಂದು ಹೊಯ್ಯಲಿ.